ಸ್ಟೇಷನ್ನಿಗೊಂದು ಮಾಫಿ

ನಮ್ಮ ಸೋದರಮಾವ ಕಳ್ಳ. ಹಂಗಂತ ನಾನು ಹೇಳ್ತಿಲ್ಲ, ಎರಡು ಊರಿನ ಪೊಲೀಸರು ಹೇಳಿದ್ದಾರೆ! ಕದಿಯೋದು ಮಾತ್ರ ಹೂವು. ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿದ ದೋಟಿ ಹಿಡಿದು ಬೆಳಕು ಹರಿಯುತ್ತಲೇ ಹೊರಟರೆ ದಾವಣಗೆರೆಯ ಯಾವ ಕಾಂಪೌಂಡಿನ ಸಂಪಿಗೆಗೂ ಉಳಿಗಾಲವಿಲ್ಲ. ದೇವರ ಪೂಜೆಗೇನಲ್ಲ, ದೇವರಿಗೂ ಅವರಿಗೂ ಅಷ್ಟಕ್ಕಷ್ಟೇ.

ಮೊದಲು ಸಿಕ್ಕಿಬಿದ್ದದ್ದು ಸರಸ್ವತಿ ನಗರದಲ್ಲಿ. ಮನೆಯವರು ಸ್ಟೇಷನ್ನಿಗೆ ಎಳೆದರು. ಸಾಹೇಬರು ಮಾವನ ನರೆತ ತಲೆ ನೋಡಿ, ಸಣ್ಣ ತಪ್ಪು, ಮೊದಲನೇ ಸಲ, ಕೇಸು ಬ್ಯಾಡ ಅಂದು, ಇನ್ನು ಮಾಡಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು, ಬೈದು ಕಳಿಸಿದರು. ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಮಾವ ಕಾನೂನು ಕಲಿತು ಬಂದರು! ಮೊದಲನೇ ಸಲ ಮಾಫಿ ಅಂದಮೇಲೆ ಸ್ಟೇಷನ್ನಿಗೊಂದು ಮಾಫಿ ಇರಲೇಬೇಕಲ್ಲ? ಮರುವಾರವೇ ದೋಟಿ ಸಮೇತ ಹರಿಹರದ ಬಸ್ ಹತ್ತಿದರು. ಹೊಳೆಗೆ ಮೀನು ಹಿಡಿಯೋಕಾ ಅಂತ ಕಂಡಕ್ಟರ್ ಕೇಳಿದ್ದಕ್ಕೆ ಹೂಂ ಅಂದರಂತೆ, ಪುಣ್ಯಾತ್ಮ.

ಅಲ್ಲೂ ಸಿಕ್ಕಿಬಿದ್ದರು. ಮೊದಲನೇ ಸಲಾನಾ ಅಂತ ಪೊಲೀಸರು ಕೇಳಿದರೆ, ನಿಮ್ಮ ಸ್ಟೇಷನ್ನಿನಲ್ಲಿ ಮೊದಲನೇ ಸಲ ಅಂದರು ಮಾವ. ಹರಿಹರದ ಸಾಹೇಬರು ದಾವಣಗೆರೆಗೆ ಫೋನ್ ಹಚ್ಚಿದರು. ಅಲ್ಲಿಗೆ ಮಾವನ ಕಾನೂನು ಮುಗಿಯಿತು. ಇನ್ನೊಮ್ಮೆ ಕಂಡರೆ ಕೇಸೇ, ಈಗ ನಿಮ್ಮ ಮನೆಯವರನ್ನು ಕರೆಸಿ ಅಂದರು.

ಅತ್ತೆಯ ಕೈ ಹಿಡಿದು ನಾನೇ ಕರಕೊಂಡು ಹೋದೆ. ಅತ್ತೆಗೆ ಈಚೆಗೆ ಕಣ್ಣು ಕಾಣುವುದಿಲ್ಲ. ಅಂಗೈಗೆ ಸಂಪಿಗೆ ಬಿದ್ದರೇ ಅವರಿಗೆ ಬೆಳಗಾಗುವುದು. ಮಾರ್ಕೆಟ್ಟಿನ ಹೂವು ಒದ್ದೆ ಬಟ್ಟೆಯ ವಾಸನೆ ಅಂತಾರೆ.

"ಕೇಳಿದ್ರೆ ಯಾರಾದ್ರೂ ಕೊಡ್ತಿದ್ರಲ್ರೀ ಯಜಮಾನ್ರೆ," ಅಂದರು ಸಾಹೇಬರು.

ಮಾವ ತಲೆ ತಗ್ಗಿಸಿದರು. "ಯಾಕ ಅಂತ ಕೇಳ್ತಾರ್ರಿ. ನನ್ನ ಹೆಂಡ್ತಿಗೆ ಕಣ್ಣು ಕಾಣಲ್ಲ ಅಂತ ಮನೆಮನೆಗೆ ಹೆಂಗೆ ಹೇಳ್ಕೊಂತ ಹೋಗ್ಲಿ?"

ಅತ್ತೆ ತಡಕಾಡಿ ಮಾವನ ಭುಜ ಹಿಡಿದರು. "ನಾನೇ ಹೇಳ್ತೀನಿ ಬಿಡ್ರಿ. ನಾಳೆಯಿಂದ ನನ್ನೂ ಕರ್ಕೊಂಡ್ ಹೋಗ್ರಿ."

ಮರುದಿನ ಇಬ್ಬರೂ ಸರಸ್ವತಿ ನಗರದ ಅದೇ ಮನೆಗೆ ಹೋದರು. ನಾನೂ ಹಿಂದೆಯೇ ಇದ್ದೆ. ಗೇಟಿನ ಮುಂದೆ ಅತ್ತೆಯೇ ಕೂಗಿ ಕೇಳಿದರು. ಹಿಂದೆ ದೂರು ಕೊಟ್ಟಿದ್ದ ಮನೆಯವರೇ ಏಣಿ ಹತ್ತಿ ಹೂವು ಬಿಡಿಸಿ ಕೊಟ್ಟರು. ಅತ್ತೆ ಮೂಸಿ ನಕ್ಕರು. ದೋಟಿ ಹಿಡಿಯುತ್ತಿದ್ದ ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡು ಮಾವ ಪಕ್ಕದಲ್ಲೇ ನಿಂತಿದ್ದರು.