ಕಡಜದ ಕೆಳಗಿನ ಚೀಟಿ

ಹೆಸರಿನ ಮುಂದೆ ಪದವಿ ಬರೆದುಕೊಳ್ಳುವ ಚಟ ನನಗೆ ತುಸು ಜಾಸ್ತಿ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ಹಾವೇರಿಯ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗೆ ಹೆಸರು ಕೊರೆಸುವಾಗಲೂ ‘ರೇಣುಕಾ ಕೊಪ್ಪದ, ಎಂ.ಎಸ್ಸಿ. (ಅಗ್ರಿ)’ ಎಂದೇ ಹೇಳಿದೆ. ಕೊರೆಯುವವನು, “ಅಕ್ಕಾರ, ಒಳಗ ಅವಲಕ್ಕೀನ ಹಾಕ್ತೀರಲ್ರಿ?” ಎಂದ. ಹೌದು, ಈಗಲೂ ಅದರಲ್ಲಿರುವುದು ಅವಲಕ್ಕಿಯೇ.

ನನಗೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೀಟಗಳನ್ನು ನೋಡುವ ಕೆಲಸ. ಗುತ್ತಲದ ಹತ್ತಿರ ಅಪ್ಪನ ಹೀರೇಕಾಯಿ ಹೊಲ. ಹಣ್ಣುನೊಣ ಚುಚ್ಚಿದ ಕಾಯಿ ಹುಳ ಬಿದ್ದು ಕೊಳೆಯುತ್ತದೆ. ಅಂಥವನ್ನು ಆರಿಸಿ ಹೂಳಬೇಕು ಎಂದು ಅಪ್ಪನಿಗೆ ಪಾಠ ಹೇಳಿದವಳು ನಾನು. ಸಾಲಿ ಮೆಟ್ಟಿಲು ಹತ್ತದ ಅಪ್ಪ ಎರಡು ಕಾಯಿ ಉಳಿಸಿಕೊಂಡು, ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಮಣ್ಣಿನ ಮೇಲಿಟ್ಟು, ಬಾಯಿಗೆ ಹಳೇ ಧೋತರದ ಚೂರು ಕಟ್ಟಿದ.

“ಎಲ್ಲಾ ಹುಳದಾಗ ನೊಣಾ ಹುಟ್ಟೂದಿಲ್ಲವಾ. ಒಂದೊಂದರಾಗ ಬಾಲಕ್ಕ ಸೂಜಿ ಇರೂ ಸಣ್ಣ ಕಡಜ ಹೊಂಡತಾವು.”

“ಇರುವಿ ಇರಬೇಕು ಬಿಡ ಯಪ್ಪಾ,” ಎಂದು ನಕ್ಕೆ. ಅದು ಎಂ.ಎಸ್ಸಿ. ನಗು.

ಮೂರನೇ ಭಾನುವಾರ ಬಾಟಲಿ ನನ್ನ ಮುಂದೆ ಬಂತು. ಧೋತರದ ಒಳಮೈಗೆ ಅಕ್ಕಿನುಚ್ಚಿನಷ್ಟು ಹಳದಿ ಕಡಜವೊಂದು ಅಂಟಿ ಕೂತಿತ್ತು. ನೊಣದ ಹುಳವನ್ನು ಒಳಗಿನಿಂದಲೇ ತಿಂದು ಬೆಳೆದ, ರೈತನ ಪಾಲಿನ ಪುಣ್ಯಾತ್ಮ. ಅದನ್ನು ಕಾಗದದ ಚೂರಿನ ತುದಿಗೆ ಅಂಟಿಸಿ, ಕಾಗದಕ್ಕೆ ಸೂಜಿ ಚುಚ್ಚಿ, ಅದೇ ಸೂಜಿಗೆ ಕೆಳಗೆ ಉಗುರಗಲದ ಚೀಟಿ ಸೇರಿಸಿದೆ: ಊರು, ತಾರೀಖು, ಬೆಳೆ, ಹಿಡಿದವರ ಹೆಸರು.

“ಓದು, ಕೇಳೂಣು,” ಎಂದ ಅಪ್ಪ. ಓದಿದೆ. ಹೆಸರು ಸ್ಟೀಲ್ ಡಬ್ಬಿಯ ಮೇಲಿದ್ದದ್ದೇ, ಎಂ.ಎಸ್ಸಿ. ಸಮೇತ.

ನಮ್ಮ ಕಡೆ ನಮ್ಮ ಹೆಸರಿಗೂ ಅಡ್ಡಹೆಸರಿಗೂ ನಡುವೆ ಅಪ್ಪನ ಹೆಸರಿರುತ್ತದೆ. “ನಡುವ ನಾಗಪ್ಪ ಎಲ್ಲಿ ಹೋದ? ಹಿಡದಾಂವ ನಾನವಾ,” ಎಂದ ಅಪ್ಪ.

“ಜಾಗಾ ಸಾಲಲಿಲ್ಲ ಯಪ್ಪಾ.”

“ಆತ ಬಿಡು, ಹುಳಾನೂ ಸಣ್ಣದೈತಿ,” ಎಂದ. ಆದರೂ ನನ್ನ ಭೂತಗನ್ನಡಿ ಇಸಿದುಕೊಂಡು ಚೀಟಿಯನ್ನು ಬಹಳ ಹೊತ್ತು ನೋಡಿದ.

ಕಡಜ ಯಾವುದೆಂದು ಗುರುತಿಸಲು ಬೆಂಗಳೂರಿನ ತಜ್ಞರಿಗೆ ಹೋಯಿತು. ಅಪ್ಪ ಫೋನು ಮಾಡಿದಾಗಲೆಲ್ಲ ನನ್ನ ಆರೋಗ್ಯ ಕೇಳುವ ಮೊದಲು, “ಅದರ ಹೆಸರ ಬಂತೇನ?” ಎನ್ನುತ್ತಿದ್ದ. “ಲಗೂ ಬರತೈತಿ,” ಎನ್ನುತ್ತಿದ್ದೆ. ಒಂದು ದಿನ ಬಳ್ಳಿಗೆ ಹಂದರ ಕಟ್ಟುತ್ತಿದ್ದಾಗ ಎದೆ ಹಿಡಿದುಕೊಂಡು ಕೂತ ಅಪ್ಪ ಮತ್ತೆ ಏಳಲಿಲ್ಲ.

ಕಡಜದ ಸಮೇತ ಪತ್ರ ಬಂದಾಗ ಮನೆಯಲ್ಲಿ ಇನ್ನೂ ನೆಂಟರಿದ್ದರು. ರೆಕ್ಕೆಯ ನರ ನೋಡಿ, ಬಾಲದ ಸೂಜಿ ಅಳೆದು, ತಜ್ಞರು ಎರಡು ಪದದ ಲ್ಯಾಟಿನ್ ಹೆಸರು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ‘ಚೀಟಿಯಲ್ಲಿ ಪದವಿ ಬರೆಯುವ ರೂಢಿಯಿಲ್ಲ. ಹಾಕಿದ ಚೀಟಿ ತೆಗೆಯುವ ರೂಢಿಯೂ ಇಲ್ಲ. ಬೇಕಿದ್ದರೆ ಕೆಳಗೆ ಇನ್ನೊಂದು ಚುಚ್ಚಿ.’

ಅಳತೆಪಟ್ಟಿ ಇಟ್ಟು ನೋಡಿದೆ. ನನ್ನ ಎಂ.ಎಸ್ಸಿ. ಕೂತ ಜಾಗದಲ್ಲಿ ನಾಗಪ್ಪ ಆರಾಮಾಗಿ ಕೂಡುತ್ತಿದ್ದ.

ಇನ್ನೊಂದು ಚೀಟಿ ಕತ್ತರಿಸಿದೆ. ಹಿಡಿದವರು: ನಾಗಪ್ಪ ಕೊಪ್ಪದ. ಸೂಜಿಗೆ ಚುಚ್ಚಿದ ಮೇಲೆ ಕಂಡಿತು, ಚಟದ ಕೈ ಆ ಹೆಸರಿನ ಮುಂದೆಯೂ ಪದವಿಗೆಂದು ಒಂದು ಅಲ್ಪವಿರಾಮ ಇಟ್ಟುಬಿಟ್ಟಿತ್ತು. ಅದನ್ನು ಹಾಗೇ ಬಿಟ್ಟೆ.