ಭಾನುವಿನ ನಂಬರು ಕೊಟ್ಟವರು ಯಾರು?

ಮೂರು ದಿನದಿಂದ ಶಿವಲಕ್ಷ್ಮಿಯ ಫೋನಿಗೆ ಗೊತ್ತಿಲ್ಲದ ನಂಬರುಗಳಿಂದ ಕರೆ ಬರುತ್ತಿದ್ದವು. ಎತ್ತಿದರೆ ಮಲಯಾಳದಲ್ಲಿ ಒಂದೇ ಪ್ರಶ್ನೆ: "ಭಾನು ಉಂಡೋ?" ಭಾನು ಇದ್ದಾಳಾ ಅಂತ. ಗಾಬರಿಬಿದ್ದು ಕಟ್ ಮಾಡುತ್ತಿದ್ದಳು. ಹತ್ತನೇ ಕ್ಲಾಸಿನ ಮಗಳು ಕೇರಳದವರಿಗೆ ಯಾಕೆ ಬೇಕು? ಗಂಡ ಮರಿಮಲ್ಲಪ್ಪನ ಎದೆ ಧಸಕ್ಕೆಂದಿತು.

ಎದೆ ಧಸಕ್ಕೆಂದರೆ ಕೆಲವರು ಕೂತು ಯೋಚಿಸುತ್ತಾರೆ. ಮರಿಮಲ್ಲಪ್ಪ ಕೂಗಾಡುವ ಪೈಕಿ.

"ಯಾರ್ಗೆ ನಂಬರ್ ಕೊಟ್ಟಮ್ಮಿ? ನಿಜ ಬೊಗಳು!"

"ಯಾರ್ಗೂ ಕೊಟ್ಟಿಲ್ಲ ಕಣಪ್ಪ. ನನ್ ಇನ್‌ಸ್ಟಾದಲ್ಲಿ ಬರೀ ರಂಗೋಲಿ ಅವೆ."

"ರಂಗೋಲಿ ನೋಡಿ ಕೇರಳದಿಂದ ಫೋನ್ ಮಾಡ್ತಾರಾ? ಅಳ್ಸಾಕು!"

ಅಳಿಸಿದಳು. ನಲವತ್ತೊಂದು ರಂಗೋಲಿಗಳು (ಒಂದರಲ್ಲೂ ಅವಳ ಮುಖವಿರಲಿ, ಹೆಬ್ಬೆರಳೂ ಕಾಣುತ್ತಿರಲಿಲ್ಲ) ಒಂದೇ ಏಟಿಗೆ ಹೋದವು. ಅಷ್ಟಕ್ಕೂ ತೃಪ್ತಿಯಾಗದೆ ಆತ ಮೂರು ಹೊತ್ತೂ ಪ್ರವಚನ ಮಾಡಿದ: ಮಾನ, ಮರ್ಯಾದೆ, ಅಜ್ಜನ ಹೆಸರು, ಜಿಲ್ಲೆಯ ಘನತೆ. ಭಾನು ಉಣ್ಣದೆ ಎದ್ದು ಹೋಗುತ್ತಿದ್ದಳು. ಕರೆಗಳು ಮಾತ್ರ ನಿಲ್ಲಲಿಲ್ಲ.

ನಾಲ್ಕನೇ ದಿನ ಮಗಳನ್ನೂ, ಸಾಕ್ಷ್ಯವಾಗಿ ಹೆಂಡತಿಯ ಫೋನನ್ನೂ ಹಿಡಿದುಕೊಂಡು ಶಾಲೆಗೆ ಹೋದ. ಅಲ್ಲಿ ಮಕ್ಕಳಿಗೆ ಆನ್‌ಲೈನ್ ಸುರಕ್ಷತೆಯ ಪಾಠ ಹೇಳುವವರು ಕಂಪ್ಯೂಟರ್ ಮೇಷ್ಟ್ರು ಕಿರಣ್ ಕುಮಾರ್.

"ನಿಮ್ ಪಾಠ ಇವ್ಳ ತಲೆಗತ್ತಿಲ್ಲ ಸಾ!" ಎಂದು ಸ್ಟಾಫ್ ರೂಮಿನವರೆಲ್ಲ ಕೇಳುವಂತೆ ದೂರಿದ. ಭಾನು ನೆಲ ನೋಡುತ್ತ ನಿಂತಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಷ್ಟ್ರೇ ಎತ್ತಿ, ತಮ್ಮ ಮುಕ್ಕಾಲು ಮಲಯಾಳದಲ್ಲಿ, ಈ ನಂಬರು ಎಲ್ಲಿ ಸಿಕ್ಕಿತೆಂದು ಕೇಳಿದರು. ಆ ಕಡೆಯವನು ಒಂದು ವಿಡಿಯೋ ಕಳಿಸಿದ.

ತೆರೆದರೆ, ಹೆದ್ದಾರಿ ಪಕ್ಕದ ಸೂರ್ಯಕಾಂತಿ ಹೊಲ. ತನ್ನದೇ ಬೆಳೆಯ ನಟ್ಟನಡುವೆ ಸಾಕ್ಷಾತ್ ಮರಿಮಲ್ಲಪ್ಪ! ಹೂವಿನ ಜೊತೆ ಫೋಟೋ ತೆಗೆಸಿಕೊಳ್ಳಲು ಕಾರು ನಿಲ್ಲಿಸಿದ್ದ ಕೇರಳದ ಸಂಸಾರವೊಂದು ಮಾತಾಡಿಸಿದ್ದೇ ತಡ, ಹಿಗ್ಗಿಹೋಗಿದ್ದ.

"ಊವ ನೋಡಕ್ ಬರೋರು ಫೋನ್ ಮಾಡಿ. ನನ್ ಫೋನ್‌ನಲ್ಲಿ ಚಾರ್ಜ್ ನಿಲ್ಲಕಿಲ್ಲ, ಮನೆಯವ್ಳ ನಂಬರ್ ಬರ್ಕಳಿ. ನಾಕೂವರೆಗೆ ನನ್ ಮಗ್ಳು ಭಾನು ಹೈವೇಲಿ ಬಸ್ ಇಳೀತಾಳೆ, ಅವ್ಳೇ ಮಾತಾಡ್ತಾಳೆ. ಬೋ ಬುದ್ವಂತೆ!"

ನಂಬರನ್ನು ಎರಡು ಸಲ ಹೇಳಿದ್ದ. ನೋಡಿದವರು ಎರಡು ಲಕ್ಷ. ಅವರೆಲ್ಲ ಹೂವಿಗೇ ಬರುವವರೆಂದು ಯಾವ ಪುಣ್ಯಾತ್ಮ ಬರೆದುಕೊಟ್ಟಿದ್ದ?

ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮೇಷ್ಟ್ರು ವಿಡಿಯೋ ಹಾಕಿದ್ದ ಆ ಸಂಸಾರಕ್ಕೆ ಮೆಸೇಜು ಕಳಿಸಿದರು. ಹತ್ತು ನಿಮಿಷದಲ್ಲಿ ಅವರು ಕ್ಷಮೆ ಕೇಳಿ ವಿಡಿಯೋ ತೆಗೆದರು. ಮರಿಮಲ್ಲಪ್ಪನಿಗೆ ಮಗಳ ಮುಖ ನೋಡುವ ಧೈರ್ಯ ಮನೆಗೆ ಮರಳುವ ದಾರಿಯುದ್ದಕ್ಕೂ ಬರಲಿಲ್ಲ.

"ಯಾರ್ ತಪ್ಪಂತೆ?" ಶಿವಲಕ್ಷ್ಮಿ ಬಾಗಿಲಲ್ಲೇ ಕೇಳಿದಳು.

"ನಂದೇ ಕಣವ್ವ," ಎಂದಳು ಭಾನು.

ಆ ಒಂದು ಮಾತನ್ನು ಅವನಿಗೆ ತಡೆಯಲಾಗಲಿಲ್ಲ. "ಅವ್ಳ್ದಲ್ಲ, ನಂದು," ಎಂದು ಎಲ್ಲವನ್ನೂ ಒಪ್ಪಿಸಿಬಿಟ್ಟ.

ಶಿವಲಕ್ಷ್ಮಿ ಮೊರ ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕೂತಳು. "ಸರಿ. ಮಗೀಗೆ ಮೂರ್ ದಿನ ಬೈದ್ರಲ್ಲ, ಅಷ್ಟ್ನೂ ಈಗ ನಿಮ್ಗೆ ನೀವೇ ಬೈಕಳಿ. ನಾ ಕೇಳ್ತೀನಿ."

ಮರಿಮಲ್ಲಪ್ಪ ಶುರುಮಾಡಿದ. "ಮಾನಗೆಟ್ಟೋನೆ," ಎಂದ. "ವಂಶದ್ ಎಸ್ರು ಬೀದೀಗಾಕ್ಬುಟ್ಟೆ," ಎಂದ. ಮಗಳಿಗೆ ಸಲೀಸಾಗಿ ಅಂದಿದ್ದ ಮಾತುಗಳು ಈಗ ಗಂಟಲಲ್ಲೇ ನಿಂತವು. ಕಣ್ಣು ಒದ್ದೆಯಾಯಿತು.

ಭಾನು ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟಳು.

"ಕುಡಿಯಪ್ಪ," ಎಂದಳು. "ಇನ್ನೂ ಬೇಜಾನ್ ಅವೆ."