ಖಂಡೇನವಮಿಯ ಗೀರು

ಖಂಡೇನವಮಿಯ ಬೆಳಿಗ್ಗೆ, ಆಯುಧಪೂಜೆ ಮುಗಿದ ಮೇಲೆ, ನಾನು ಯೆರವಡಾದ ನಮ್ಮ ಲೆನ್ಸ್ ಕಾರ್ಖಾನೆಯ ಒಳಕೋಣೆಯಲ್ಲಿ ಪಾಲಿಶ್ ಯಂತ್ರದ ಎಡಗಡೆ ನಿಂತಿದ್ದೆ. ತೊಂಬತ್ತರ ದಶಕದ ಮಾತು. ನಿಂತ ಜಾಗವನ್ನು ಮೊದಲೇ ಹೇಳಲು ಕಾರಣವಿದೆ. ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಪ್ಪು ಹೊರಿಸಲು ಒಂದು ಬೆಕ್ಕೂ ಇರಲಿಲ್ಲ!

ಮಾಲೀಕರು ಉಡುಪಿ ಕಡೆಯ ಶೆಟ್ಟರು. ಊರಿನ ಕ್ಯಾಂಪ್ ಪೇಟೆಯಲ್ಲಿ ಅವರ ಹೋಟೆಲಿತ್ತು. ಜೊತೆಗೆ ನಕ್ಷತ್ರ ನೋಡುವ ಹುಚ್ಚೂ ಇತ್ತು. ಒಂದು ಕಾಲೇಜಿನ ದೂರದರ್ಶಕಕ್ಕೆ ಅಂಗೈಯಗಲದ ಲೆನ್ಸ್ ಮಾಡಿಕೊಡಲು ಒಪ್ಪಿದ್ದರು. ಮರುದಿನ ದಸರೆಗೆ ಪ್ರಾಧ್ಯಾಪಕರು ಬಂದು ಒಯ್ಯುವುದೆಂದು ಮಾತಾಗಿತ್ತು.

"ಇದೊಂದು ಸರಿಯಾದ್ರೆ ಕಾರ್ಖಾನೆ ಉಳೀತದೆ ಮಾರಾಯ್ರೆ. ಇಲ್ಲದಿದ್ರೆ ಬಾಗಿಲು ಹಾಕಿ, ನಿಮ್ಮನ್ನು ಹೋಟೆಲಿನ ಗಲ್ಲಾಪೆಟ್ಟಿಗೆ ಹಿಂದೆ ಕೂರಿಸ್ತೇನೆ" ಎಂದಿದ್ದರು ಶೆಟ್ಟರು.

ಲೆನ್ಸ್ ಸರಿಯಾಗಿಯೇ ಇತ್ತು. ಒರಟು ಗಾಜನ್ನು ಮೊದಲು ದಪ್ಪ ಪುಡಿಯಲ್ಲಿ, ಆಮೇಲೆ ನುಣ್ಣನೆಯ ಪುಡಿಯಲ್ಲಿ ಅರೆದು, ಕೊನೆಗೆ ರಾಳ ಬಳಿದ ತಟ್ಟೆಯ ಮೇಲೆ ವಾರಗಟ್ಟಲೆ ತಿಕ್ಕಿದ್ದೆ. ಈ ರಾಳ ಮೆತ್ತಗಿನದು. ಕಲ್ಲಿನ ಒಂದು ಕಣ ಬಿದ್ದರೂ ಅದನ್ನು ಹಿಡಿದಿಟ್ಟುಕೊಂಡು ಗಾಜಿಗೆ ಗೀರು ಹಾಕುತ್ತದೆ. ಹಾಗಾಗಿ ಒಳಕೋಣೆಗೆ ನಾನು ಯಾರನ್ನೂ ಬಿಡುತ್ತಿರಲಿಲ್ಲ. ಶೆಟ್ಟರನ್ನೂ!

ಅಂದು ಪೂಜೆಗೆ ಮೊದಲು ನನ್ನ ಹೆಂಡತಿ ಶಾರದಾ ಪೂಜೆಯ ತಟ್ಟೆ ಹಿಡಿದು ಬಂದಳು.

"ಯಂತ್ರದ ಮುಂದ ಎರಡೆಳಿ ರಂಗೋಲಿ ಹಾಕ್ತೀನ್ರಿ."

"ರಂಗೋಲಿ ಅಂದ್ರ ಕಲ್ಲಿನ ಪುಡಿ. ಹೊಸ್ತಿಲ ಹೊರಗ ಹಾಕು."

"ದೇವರಿಗೂ ಹೊರಗ ನಿಲ್ಲಂತೀರೇನು?"

"ಕಾಲು ತೊಳಕೊಂಡು ಬಂದ್ರ ಬಿಡ್ತೀನಿ."

ಪೂಜೆಯಾದ ಮೇಲೆ ಯಂತ್ರವನ್ನು ಒಂದು ಗಳಿಗೆ ಓಡಿಸುವುದು ಪದ್ಧತಿ. ಬರಿದೇ ಓಡಿಸಿದ್ದರೂ ನಡೆಯುತ್ತಿತ್ತು. ಆದರೆ ಹಬ್ಬದ ದಿನ ಯಂತ್ರವನ್ನು ಉಪವಾಸ ಓಡಿಸುವುದೇ? ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಲೆನ್ಸನ್ನು ಬಿಚ್ಚಿದೆ.

"ಆಗೇದ ಅಂದಿದ್ರಲ್ಲ, ಮತ್ಯಾಕ ತಿಕ್ತೀರಿ?" ಎಂದಳು ಶಾರದಾ.

"ಶಾಸ್ತ್ರಕ್ಕ!"

ಮೊಣಕೈವರೆಗೆ ಕೈ ತೊಳೆದೆ. ತಲೆಗೆ ಬಟ್ಟೆ ಕಟ್ಟಿದೆ. ಹೊಸ್ತಿಲು ದಾಟಿದೆ. ಪೂಜೆಗೆಂದು ಉಟ್ಟಿದ್ದ ಹೊಸ ಧೋತರದ ಅಂಚು ನೆಲ ಗುಡಿಸುತ್ತ ನನ್ನ ಹಿಂದೆಯೇ ಬಂತು. ಒಳಗೆ ನೆಲ ಒದ್ದೆಯಾಗಿತ್ತು. ಹೊಸ ಬಟ್ಟೆ ನೆನೆಯಬಾರದೆಂದು ಅಂಚನ್ನೆತ್ತಿ, ರಾಳದ ತಟ್ಟೆಯ ಪಕ್ಕದಲ್ಲೇ ಚೆನ್ನಾಗಿ ಕೊಡವಿ, ಸೊಂಟಕ್ಕೆ ಸಿಕ್ಕಿಸಿದೆ. ಲೆನ್ಸ್ ಇಟ್ಟು ಗುಂಡಿ ಒತ್ತಿದೆ.

ಕಿರ್!

ನಿಲ್ಲಿಸಿ ದೀಪಕ್ಕೆ ಹಿಡಿದೆ. ನಡುವಿನಿಂದ ಅಂಚಿನವರೆಗೆ ಬಾಗಿದ ಒಂದು ಗೀರು. ತಿರುಗಿ ನೋಡಿದರೆ ಶಾರದಾ ಬಾಗಿಲ ಹೊರಗೆ ನಿಂತು ಹೊಸ್ತಿಲನ್ನೇ ನೋಡುತ್ತಿದ್ದಳು. ಅವಳ ರಂಗೋಲಿಯ ಕಮಲದಲ್ಲಿ ಅರ್ಧದಷ್ಟು ಎಸಳುಗಳೇ ಇರಲಿಲ್ಲ.

"ನನ್ನ ರಂಗೋಲಿ ಒಳಗ ಬರಬಾರ್ದು ಅಂದವ್ರು ಯಾರ್ರೀ?"

ಶೆಟ್ಟರು ಬಂದು ಲೆನ್ಸನ್ನು ದೀಪದಡಿ ಬಹಳ ಹೊತ್ತು ತಿರುಗಿಸಿದರು.

"ಇದು ಹೋಗ್ತದಾ?"

"ಮತ್ತ ಗಾಜು ಅರಿಯೋದ್ರಿಂದನ ಸುರು ಮಾಡಬೇಕ್ರಿ."

ಅವರು ಲೆನ್ಸನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿದರು. ಮರುದಿನ ಪ್ರಾಧ್ಯಾಪಕರು ಬಂದು, ಬಂಗಾರವೆಂದು ನಮ್ಮ ಕೈಗೆ ದಸರೆಯ ಎಲೆ ಕೊಟ್ಟು, ಬರಿಗೈಯಲ್ಲಿ ಹೋದರು. ಮತ್ತೆ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ನಾನು ಗಲ್ಲಾಪೆಟ್ಟಿಗೆಯ ಹಿಂದಿದ್ದೆ. ಲೆನ್ಸೂ ನನ್ನ ಜೊತೆಗೇ ಬಂತು. ಫ್ಯಾನಿನ ಗಾಳಿಗೆ ಬಿಲ್ಲುಗಳು ಹಾರದಂತೆ ನೋಡಿಕೊಳ್ಳುತ್ತಿತ್ತು.

ಅಂದು ಆ ಗೀರನ್ನು ಕಂಡವರು ಮೂವರು. ಶೆಟ್ಟರು ಈಗಿಲ್ಲ. ನಾನು ಕಂಡದ್ದನ್ನು ಹೇಳಿದ್ದೇನೆ. ಉಳಿದ ಸಾಕ್ಷಿ ಶಾರದಾ, ದೇವರ ದಯೆಯಿಂದ ಗಟ್ಟಿಯಾಗಿದ್ದಾಳೆ. ಅವಳ ನೆನಪೂ ಗಟ್ಟಿ. ಈಗಲೂ ಖಂಡೇನವಮಿ ಬಂದರೆ ನನಗೆ ಪ್ಯಾಂಟು ಹಾಕಿಸಿಯೇ ಪೂಜೆಗೆ ಕೂರಿಸುತ್ತಾಳೆ!